ಬಂದ ಹಾಗೇ ಕಳಿಸು

ಮನೆಯ ಹಿಂದಿನ ಕೋಣೆ
ಬುಧವಾರ, ತಾರೀಖು ಹದಿನಾಲ್ಕು, ಮಧ್ಯಾಹ್ನ

ಮುದ್ದಿನ ಗುಂಡುಸೂಜಿಗೆ,

ಹೇಗಿದ್ದೀಯ? ಎದೆಯುರಿ ಕಡಿಮೆಯಾಯಿತೇ? ಖಾಲಿ ಹೊಟ್ಟೆಗೆ ಚಹಾ ಸುರಿದುಕೊಳ್ಳಬೇಡ ಎಂದು ಹತ್ತು ವರ್ಷದಿಂದ ಬಡಿದುಕೊಳ್ಳುತ್ತಿದ್ದೇನೆ, ನೀನು ಒಂದು ದಿನವೂ ಅದನ್ನು ಕಿವಿಗೆ ಹಾಕಿಕೊಂಡವಳಲ್ಲ. ಚಿಕ್ಕಮ್ಮನ ಮನೆಯ ಆ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ನಿದ್ದೆ ಬರುತ್ತದೆಯೇ? ಅಲ್ಲಿ ಕಿಟಕಿ ಚಿಕ್ಕದು. ಬಾಗಿಲು ಓರೆ ಮಾಡಿಟ್ಟು ಮಲಗು, ಕಳ್ಳರು ಬಂದರೆ ನಿನ್ನ ಚಿಕ್ಕಮ್ಮನ ಗೊರಕೆಗೇ ಓಡಿಹೋಗುತ್ತಾರೆ. ನಿನ್ನ ಅಮ್ಮ ಚೆನ್ನಾಗಿದ್ದಾಳೆ. ಹೊಲಿಗೆ ಯಂತ್ರದ ಪಟ್ಟಿ ಹರಿದಿತ್ತು, ಹೊಸದು ಹಾಕಿಕೊಟ್ಟೆ. ಈಗ ಮತ್ತೆ ಬೆಳಗ್ಗೆಯಿಂದ ಟಕಟಕ, ಬೀದಿಯವರ ಶಾಲಾ ಸಮವಸ್ತ್ರಗಳೆಲ್ಲ ನಮ್ಮ ಮಂಚದ ಮೇಲೆ. ನನ್ನ ಬಲಗಿವಿ ಇನ್ನೂ ಮಂದ. ನಲವತ್ತು ವರ್ಷ ಲೋಹ ಕಡೆಯುವ ಲೇತ್ ಪಕ್ಕದಲ್ಲಿ ನಿಂತವನಿಗೆ ಒಂದು ಕಿವಿಯಾದರೂ ಉಳಿಯಿತಲ್ಲ ಎಂದು ಡಾಕ್ಟರ್ ಸಮಾಧಾನ ಹೇಳಿದರು. ಅದೂ ಎಡಗಿವಿಗೆ ಹೇಳಿದ್ದರಿಂದ ಕೇಳಿಸಿತು.

ಫೋನ್ ಇರುವಾಗ ಕಾಗದವೇಕೆ ಎನ್ನಬೇಡ. ನೀನು ಫೋನ್ ಎತ್ತುವುದಿಲ್ಲ. ಐದು ತಿಂಗಳಲ್ಲಿ ನಾನು ಎಷ್ಟು ಸಲ ಮಾಡಿದೆನೋ ಲೆಕ್ಕವಿಲ್ಲ, ನಿನ್ನಿಂದ ಬಂದದ್ದು ಒಂದೇ ಸಾಲು: "ಅಪ್ಪಾ, ಸ್ವಲ್ಪ ದಿನ ನನ್ನ ಪಾಡಿಗೆ ನನ್ನ ಬಿಟ್ಬಿಡು." ಅದೂ ಅಲ್ಲದೆ ಫೋನಿನಲ್ಲಿ ನನ್ನ ಬಾಯಿಗೆ ಸುಳ್ಳು ಸಲೀಸಾಗಿ ಬರುತ್ತದೆ. ಒಂದು ಸಲ ಬಂದಿದೆ. ಪೆನ್ನು ಹಿಡಿದರೆ ನನ್ನ ಕೈ ನಿಧಾನ, ಸುಳ್ಳು ಬರೆಯಲು ಹೊರಟರೂ ಪದ ಮುಗಿಯುವಷ್ಟರಲ್ಲಿ ನಾಚಿಕೆಯಾಗುತ್ತದೆ. ಆದ್ದರಿಂದ ಕಾಗದ.

ನನಗೆ ಎಲ್ಲ ಗೊತ್ತಾಗಿದೆ. ಬರುವ ಸೋಮವಾರ ನೀನು ವಿಚಾರಣಾ ಸಮಿತಿಯ ಮುಂದೆ ಕೂತು, "ಪ್ರಯೋಗದ ಅಳತೆಗಳನ್ನು ನಾನೇ ತಿದ್ದಿದೆ" ಎಂದು ಬರೆದ ಕಾಗದಕ್ಕೆ ಸಹಿ ಹಾಕಲಿದ್ದೀಯಂತೆ. ಹಾಕಿದರೆ ನಿನ್ನ ಪದವಿ ಹಿಂದಕ್ಕೆ ಹೋಗುತ್ತದೆ, ಇನ್ನು ಯಾವ ಪ್ರಯೋಗಾಲಯದಲ್ಲೂ ನಿನಗೆ ಕುರ್ಚಿ ಇಲ್ಲ. ಹನ್ನೊಂದು ವರ್ಷ ಓದಿದ್ದು ಒಂದು ಸಹಿಗೆ ಮುಗಿಯುತ್ತದೆ. ನೀನು ತಿದ್ದಿಲ್ಲ, ಮಗಳೇ. ತಿದ್ದಿದವನು ನಾನು. ಅದು ನಿನಗೆ ಗೊತ್ತಿದೆ, ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೀಯ. ಇದನ್ನು ನೆನೆದರೆ ನನಗೆ ನಿನ್ನ ಮೇಲೆ ಕರುಣೆ ಬರುವುದಿಲ್ಲ, ಸಿಟ್ಟು ಬರುತ್ತದೆ. ಮೈಯೆಲ್ಲ ಉರಿಯುವಷ್ಟು ಸಿಟ್ಟು.

ನನಗೆ ಹೇಳಿದವಳು ನಿನ್ನ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಆ ದಪ್ಪ ಕನ್ನಡಕದ ಹುಡುಗಿ. ಹೋದ ಶುಕ್ರವಾರ ನಿನ್ನ ಮೇಜು ಖಾಲಿ ಮಾಡಿಸಿದರಂತೆ. ನಿನ್ನ ಸಾಮಾನುಗಳನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು ಬಂದಿದ್ದಳು: ಬಿಳಿ ಕೋಟು, ಹಿಡಿ ಮುರಿದ ಚಹಾ ಲೋಟ, ಚಪ್ಪಲಿ, ನೀನು ಚಳಿಗೆ ಹೊದೆಯುತ್ತಿದ್ದ ಶಾಲು. ಪೆಟ್ಟಿಗೆ ಇಟ್ಟು ಹೊರಡಬೇಕಾದವಳು ಬಾಗಿಲಲ್ಲೇ ನಿಂತಳು. ಅಮ್ಮ ಆಗ ಮನೆಯಲ್ಲಿರಲಿಲ್ಲ, ನಾನು ಕೂರಿಸಿದೆ. ಏನಾಗಿದೆ ಹೇಳಮ್ಮ ಎಂದೆ. ಅವಳು ಅಮ್ಮನ ಗುಂಡಿಯ ಡಬ್ಬ ಕೇಳಿ, ಮಂಚದ ಮೇಲೆ ಅಂಗಿಯ ಗುಂಡಿಗಳನ್ನು ಹರಡಿ, ನಿನ್ನ ಐದು ವರ್ಷದ ಕೆಲಸವನ್ನು ನನಗೆ ಹತ್ತೇ ನಿಮಿಷದಲ್ಲಿ ಅರ್ಥ ಮಾಡಿಸಿದಳು. ನಾನು ತಿಳಿದದ್ದನ್ನು ಬರೆಯುತ್ತೇನೆ. ತಪ್ಪಿದ್ದರೆ ತಿದ್ದು, ಲೇತ್ ನಡೆಸುವ ಟರ್ನರನ ತಲೆ ಇಷ್ಟೇ ಎಂದು ನಗಬೇಡ.

ಸೊಂಟದ ಕೀಲು ಸವೆದವರಿಗೆ ಲೋಹದ ಕೀಲು ಹಾಕುತ್ತಾರೆ. ಅದರಲ್ಲಿ ಒಂದು ಕತ್ತು, ಒಂದು ಗುಂಡು. ಕತ್ತು ಬಾಟಲಿಯ ಬಿರಡೆಯ ಹಾಗೆ ತುದಿಗೆ ಹೋಗುತ್ತಾ ಸಣ್ಣ, ಗುಂಡಿನೊಳಗಿನ ತೂತೂ ಅದೇ ಓರೆಯಲ್ಲಿ ಸಣ್ಣ. ಎರಡೂ ಓರೆ ಒಂದೇ ಇದ್ದರೆ ಒಂದು ಏಟಿಗೆ ಕಚ್ಚಿ ಕೂರುತ್ತದೆ, ಮನುಷ್ಯ ಬದುಕಿರುವವರೆಗೂ ಬಿಡುವುದಿಲ್ಲ. ಓರೆ ತಪ್ಪಿದರೆ ಒಂದೇ ಅಂಚಿನಲ್ಲಿ ಹಿಡಿದುಕೊಂಡು ಪ್ರತಿ ಹೆಜ್ಜೆಗೂ ಅಲುಗುತ್ತದೆ, ಲೋಹದ ಪುಡಿ ಉದುರಿ ರಕ್ತಕ್ಕೆ ಸೇರುತ್ತದೆ. ಇಷ್ಟು ನನಗೆ ಮೊದಲೇ ಗೊತ್ತಿತ್ತು, ಕತ್ತು ಕೊರೆದವನೇ ನಾನಲ್ಲವೇ. ಗೊತ್ತಿಲ್ಲದ್ದು ಮುಂದಿನದು. ಎಷ್ಟು ಪುಡಿಯನ್ನು ರಕ್ತ ತಡೆಯುತ್ತದೆ ಎಂದು ನಿನ್ನ ಜೊತೆ ಸೇರಿ ಈ ಕೆಲಸ ಹಿಡಿದ ಎಲುಬಿನ ಡಾಕ್ಟರ್ ಕಂಡುಹಿಡಿಯಬೇಕು. ಕಾರ್ಖಾನೆಯ ಕೈಗಳಿಂದ ಎಷ್ಟು ತಪ್ಪು ಬರುತ್ತದೆ ಎಂದು ನೀನು ಕಂಡುಹಿಡಿಯಬೇಕು. ಎರಡನ್ನೂ ಕಂಪ್ಯೂಟರಿಗೆ ಕೊಟ್ಟು ಲಕ್ಷ ಜೋಡಿಗಳನ್ನು ಅದರೊಳಗೇ ನಡೆಸಿ ನೋಡಬೇಕು. ನಿನಗೆ ಬೇಕಿದ್ದದ್ದು ಒಳ್ಳೆಯ ತುಂಡುಗಳಲ್ಲ. ನಿನಗೆ ಬೇಕಿದ್ದದ್ದು ತಪ್ಪು. ಎಷ್ಟು ತಪ್ಪು, ಎಷ್ಟು ಸಲ, ಯಾವ ಕಡೆಗೆ. ತಪ್ಪೇ ನಿನ್ನ ಸರಕು.

ಇದನ್ನು ನೀನೇ ನನಗೆ ಯಾಕೆ ಹೇಳಲಿಲ್ಲ? ಅರವತ್ತು ಜೋಡಿ ಬೇಕು ಎಂದು ನಮ್ಮ ಕಾರ್ಖಾನೆಗೆ ಬಂದ ದಿನ ನಾನು ಕೇಳಿದೆ, ಇಷ್ಟೊಂದು ಯಾಕೆ ಎಂದು. ನೀನು ಚೀಲದ ಜಿಪ್ಪು ಎಳೆಯುತ್ತಾ, "ಅದು ದೊಡ್ಡ ಕಥೆ ಅಪ್ಪಾ, ನಿಂಗೆ ಬೋರಾಗತ್ತೆ" ಎಂದೆ. ಬೋರಾಗುತ್ತದೆ! ನಾನು ನಿನ್ನ ಗಣಿತದ ಪುಸ್ತಕಕ್ಕೆ ಕಾಗದದ ಹೊದಿಕೆ ಹಾಕಿದವನು, ನೀನು ಪಾಠ ಒಪ್ಪಿಸುವಾಗ ಅರ್ಥವಾಗದಿದ್ದರೂ ಪುಸ್ತಕ ಹಿಡಿದು ಕೂತವನು. ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಕೂತು ಹೇಳಿದ್ದರೆ ಸಾಕಿತ್ತು. ನಿನ್ನ ತಪ್ಪು ಇದೊಂದೇ, ಆದರೆ ಇದು ಸಣ್ಣ ತಪ್ಪಲ್ಲ. ಬರೆದುಬಿಟ್ಟೆ, ಇನ್ನು ಹೊಡೆದುಹಾಕುವುದಿಲ್ಲ.

ಈಗ ನನ್ನದು. ಕೆಲಸದ ಕಾಗದದ ಕೊನೆಯಲ್ಲಿ ನೀನು ಕೈಬರಹದಲ್ಲಿ ಬರೆದಿದ್ದೆ: ಆರಿಸಬೇಡಿ, ತಿದ್ದಬೇಡಿ, ಕ್ರಮಸಂಖ್ಯೆ ಹಾಕಿ ಬಂದ ಹಾಗೇ ಕಳಿಸಿ. ನಾನು ಓದಿದೆ. ಎರಡು ಸಲ ಓದಿದೆ. ಆ ತಿಂಗಳ ಕೊನೆಗೆ ನನ್ನ ನಿವೃತ್ತಿ. ನಲವತ್ತು ವರ್ಷದ ಕೊನೆಯ ಕೆಲಸ ಮಗಳ ಮೇಜಿಗೆ ಹೋಗುತ್ತಿದೆ. ಕಾರ್ಖಾನೆಯಲ್ಲಿ ಒರಟು ಕೊರೆತವೆಲ್ಲ ಕಂಪ್ಯೂಟರಿನ ಯಂತ್ರದ್ದು, ಕೊನೆಯ ಎರಡು ತೆಳು ಕೊರೆತ ಮಾತ್ರ ಕೈಯದ್ದು. ಆ ಕೈ ಅಲ್ಲಿ ನನ್ನದೇ. ಮೊದಲ ಮೂರು ಚೆನ್ನಾಗಿ ಬಂದವು. ನಾಲ್ಕನೆಯ ಕತ್ತು ಒಂಬತ್ತು ಮೈಕ್ರಾನ್ ಕಡಿಮೆಯಾಯಿತು. ಕೂದಲಿನ ದಪ್ಪದ ಎಂಟನೇ ಒಂದು ಭಾಗ. ಅದನ್ನು ಕೈಯಲ್ಲಿ ಹಿಡಿದು ನಿಂತೆ. ಇದು ಹೋಗಿ ನಿಮ್ಮ ಸೂಕ್ಷ್ಮದರ್ಶಕದ ಕೆಳಗೆ ಕೂರುತ್ತದೆ, ನಾಲ್ಕು ಜನ ವಿಜ್ಞಾನಿಗಳು ಬಗ್ಗಿ ನೋಡುತ್ತಾರೆ, ಯಾರೋ ಒಬ್ಬರು ಇದನ್ನು ಮಾಡಿದ್ದು ಇವಳ ಅಪ್ಪನಂತೆ ಎನ್ನುತ್ತಾರೆ, ನೀನು ತಲೆ ತಗ್ಗಿಸುತ್ತೀಯ. ಇಷ್ಟೇ ನನ್ನ ತಲೆಯಲ್ಲಿ ಬಂದದ್ದು. ಅದನ್ನು ಗುಜರಿ ಡ್ರಮ್ಮಿಗೆ ಹಾಕಿ ಇನ್ನೊಂದು ಮಾಡಿ, ಅದಕ್ಕೂ ನಾಲ್ಕು ಎಂದೇ ಅಚ್ಚು ಹೊಡೆದೆ.

ಒಂದು ಸಲ ಕೈ ಹಾಗೆ ಹೋದ ಮೇಲೆ ತಡೆಯುವುದು ಯಾರು? ಅರವತ್ತು ಜೋಡಿ ಕಳಿಸಲು ನಾನು ಮಾಡಿದ್ದು ತೊಂಬತ್ತೇಳು. ಮೂವತ್ತೇಳು ಡ್ರಮ್ಮಿಗೆ ಹೋದವು, ಡ್ರಮ್ಮು ಕುಲುಮೆಗೆ ಹೋಯಿತು. ಕ್ರಮಸಂಖ್ಯೆ ಒಂದರಿಂದ ಅರವತ್ತರವರೆಗೆ ಒಂದೂ ಬಿಡದೆ ಸಾಲಾಗಿ ಇತ್ತು. ಆಮೇಲೆ ಒಂದು ಅಚ್ಚಾದ ಕಾಗದ ಬಂತು, ತುಂಡುಗಳನ್ನು ಆರಿಸಿಲ್ಲ, ಮರುಕೆಲಸ ಮಾಡಿಲ್ಲ ಎಂದು. ಅದಕ್ಕೂ ಸಹಿ ಹಾಕಿದೆ, ಚಹಾ ಕುಡಿಯುತ್ತಾ. ನಲವತ್ತು ವರ್ಷದಲ್ಲಿ ಕಾರ್ಖಾನೆಯ ಕಾಗದಗಳಿಗೆ ಹಾಗೆ ಎಷ್ಟು ಸಹಿ ಹಾಕಿದ್ದೇನೋ. ಒಳ್ಳೆಯ ಮಾಲು ಕಳಿಸಿದವನನ್ನು ಯಾರು ಯಾಕೆ ಕೇಳುತ್ತಾರೆ ಎನ್ನುವುದು ನನ್ನ ಧೈರ್ಯ.

ನೀನು ಕೇಳಿದೆ. ಅಳತೆ ತೆಗೆದ ವಾರ ಫೋನ್ ಮಾಡಿದ್ದೆ ನೆನಪಿದೆಯೇ? "ಅಪ್ಪಾ, ಇಷ್ಟು ಚೆನ್ನಾಗಿ ಹೇಗ್ ಬಂತು? ಬಂದ ಹಾಗೇ ಕಳ್ಸಿದ್ದೀಯ ತಾನೇ?" ನಾನು ಅಂಗಳದಲ್ಲಿ ಸೈಕಲ್ ಒರೆಸುತ್ತಿದ್ದೆ. "ಹೂಂ ಮತ್ತೆ! ನಿಮ್ಮಪ್ಪನ ಕೈ ಕಣೇ ಅದು" ಎಂದು ನಕ್ಕೆ. ನೀನೂ ನಕ್ಕೆ. ಆ ನಗುವಿನಲ್ಲಿ ಹೆಮ್ಮೆ ಇತ್ತು, ನನಗೆ ಅದು ಬೇಕಾಗಿತ್ತು. ನೀನು ಎರಡನೇ ಸಲ ಕೇಳಲಿಲ್ಲ. ಬೇರೆ ಯಾವ ಟರ್ನರನೇ ಆಗಿದ್ದರೂ ಎರಡನೇ ಸಲ ಕೇಳುತ್ತಿದ್ದೆ, ಕಾರ್ಖಾನೆಗೆ ಬಂದು ಡ್ರಮ್ಮು ತಡಕುತ್ತಿದ್ದೆ. ಅಪ್ಪ ಎಂದು ಬಿಟ್ಟೆ.

ಮುಂದಿನದು ಆ ಹುಡುಗಿ ಹೇಳಿದ್ದು. ಅರವತ್ತು ಜೋಡಿಯ ಮೇಲೆ ನಿನ್ನ ಲೆಕ್ಕ ನಿಂತಿತು. ಕಾರ್ಖಾನೆಯ ತಪ್ಪು ಇಷ್ಟು ಕಡಿಮೆ ಇರುವಾಗ ಪ್ರತಿ ಜೋಡಿಯನ್ನೂ ಕೂಡಿಸಿ ಅಳೆಯುವ ಅಗತ್ಯವಿಲ್ಲ, ಹತ್ತಕ್ಕೆ ಒಂದು ನೋಡಿದರೆ ಸಾಕು ಎಂದು ನೀನೂ ಡಾಕ್ಟರೂ ಬರೆದಿರಿ. ಎಲ್ಲರೂ ಭೇಷ್ ಎಂದರು. ಕೀಲುಗಳು ಬೇಗ ಬೇಗ ತಯಾರಾದವು, ಆಸ್ಪತ್ರೆಯ ಸರತಿ ಕರಗಿತು. ಅಷ್ಟರಲ್ಲಿ ನಾನು ಮನೆಯಲ್ಲಿ ಕೂತಿದ್ದೆ. ನನ್ನ ಜಾಗದಲ್ಲಿ ನಿಂತವರು ಕೆಟ್ಟ ಕೆಲಸಗಾರರಲ್ಲ. ಕೈಗಳು ಹೇಗೆ ಕೆಲಸ ಮಾಡುತ್ತವೋ ಹಾಗೆ ಮಾಡಿದರು, ಒಂದು ಹೆಚ್ಚು, ಒಂದು ಕಡಿಮೆ. ಹತ್ತಕ್ಕೆ ಒಂಬತ್ತನ್ನು ಯಾರೂ ಅಳೆಯಲಿಲ್ಲ. ಮೂವತ್ತೆಂಟು ಜನರಿಗೆ ಹಾಕಿದರು. ಅವರಲ್ಲಿ ನಾಲ್ವರ ಸೊಂಟವನ್ನು ಮತ್ತೆ ಕೊಯ್ದು ತೆರೆಯಬೇಕಾಯಿತು. ಹೊರಗೆ ತೆಗೆದ ತುಂಡುಗಳನ್ನು ಅಳೆದರೆ ನಿನ್ನ ಲೆಕ್ಕದ ಮೂರು ಪಟ್ಟು ತಪ್ಪು. ಆಗ ನಿನ್ನ ಹಳೆಯ ಅಂಕಿಗಳನ್ನು ತೆಗೆದು ನೋಡಿದರಂತೆ. ಅವಳು ಗುಂಡಿಗಳನ್ನು ಗುಡ್ಡೆ ಮಾಡಿ ತೋರಿಸಿದಳು: ಯಾವ ಕಾರ್ಖಾನೆಯ ತಪ್ಪೇ ಆದರೂ ನಡುವೆ ಎತ್ತರವಾಗಿ ಎರಡು ಕಡೆಗೂ ಇಳಿಜಾರಾಗಿ ಹರಡಿರುತ್ತದೆ. ನಿನ್ನದು ಎರಡು ಬದಿಯಲ್ಲೂ ಕತ್ತರಿ ಹಾಕಿದಂತಿತ್ತು. ಇದು ತಾನಾಗಿ ಆಗುವುದಿಲ್ಲ, ಯಾರೋ ಕತ್ತರಿಸಿದ್ದಾರೆ ಎಂದರು. ಸರಿಯಾಗಿಯೇ ಹೇಳಿದರು.

ನಾನು ಆಸ್ಪತ್ರೆಗೆ ಹೋಗಿದ್ದೆ. ಅಮ್ಮನಿಗೆ ಹೇಳಿಲ್ಲ. ಶನಿವಾರ ಹಣ್ಣು ಹಿಡಿದುಕೊಂಡು, ಯಾರನ್ನೋ ನೋಡಲು ಬಂದವನ ಹಾಗೆ ಆ ವಾರ್ಡಿಗೆ ಹೊಕ್ಕೆ. ನಾಲ್ವರಲ್ಲಿ ಕೊನೆಯದಾಗಿ ಕೊಯ್ಸಿಕೊಂಡಾಕೆ ಒಬ್ಬ ಬಸ್ ಕಂಡಕ್ಟರ್. ನಿನ್ನ ಅಮ್ಮನ ವಯಸ್ಸು, ಗಟ್ಟಿ ಗಂಟಲು. ನೆಲಕ್ಕೆ ಬಿದ್ದಿದ್ದ ಚಪ್ಪಲಿಯನ್ನು ಕೋಲಿನಿಂದ ಎಳೆದುಕೊಳ್ಳಲು ಒದ್ದಾಡುತ್ತಿದ್ದಳು. ಎತ್ತಿಕೊಟ್ಟೆ. "ಮೂವತ್ತು ವರ್ಷ ನಿಂತ್ಕೊಂಡೇ ಟಿಕೆಟ್ ಹರ್ದೆ ನೋಡಿ, ಈಗ ಚಪ್ಲಿಗೂ ಇನ್ನೊಬ್ರ ಮುಖ ನೋಡ್ಬೇಕು" ಎಂದಳು. ಎರಡನೇ ಸಲ ಕೊಯ್ದ ಮೇಲೆ ಒಂದು ಕಾಲು ಗಿಡ್ಡವಾಗಿದೆಯಂತೆ. ಇನ್ನು ಬಸ್ಸು ಹತ್ತುವ ಹಾಗಿಲ್ಲ. "ನಿಮ್ಮೋರು ಯಾರಿದಾರೆ ಇಲ್ಲಿ?" ಎಂದು ಕೇಳಿದಳು. ಯಾರೂ ಇಲ್ಲ ಎಂದೆ. "ಮತ್ಯಾಕ್ ಬಂದ್ರಿ?" ಎಂದಳು. ಹಣ್ಣಿನ ಚೀಲ ಅವಳ ಮೇಜಿನ ಮೇಲಿಟ್ಟು, ಹೇಳಬೇಕಾದದ್ದನ್ನು ಹೇಳದೆ, ಕಳ್ಳನ ಹಾಗೆ ಮೆಟ್ಟಿಲಿಳಿದು ಬಂದೆ. ಅವಳು ಮೇಲಿನಿಂದ "ಯಜಮಾನ್ರೇ, ಚೀಲ ಮರ್ತ್ರಿ" ಎಂದು ಕೂಗುತ್ತಿದ್ದಳು.

ನಿಮ್ಮ ಎಲುಬಿನ ಡಾಕ್ಟರನ ವಿಷಯವನ್ನೂ ಕೇಳಿದೆ. ನಮ್ಮ ಮನೆಗೆ ಬಂದಾಗ ನನ್ನ ಕೈ ಹಿಡಿದುಕೊಂಡು, ನಿಮ್ಮಂಥವರ ಕೈಯೇ ನಮಗೆ ಆಧಾರ ಎಂದಿದ್ದ ಮಹಾಶಯ. ಈಗ ಸಮಿತಿಯ ಮುಂದೆ, "ರಕ್ತದ ಲೆಕ್ಕ ನಂದು, ಲೋಹದ ಲೆಕ್ಕ ಅವಳ್ದು" ಎಂದು ಕೈ ತೊಳೆದುಕೊಂಡನಂತೆ. ಹೊಗಳಿಕೆ ಬರುವಾಗ ಒಂದೇ ಲೆಕ್ಕವಾಗಿತ್ತು, ಇಬ್ಬರೂ ಒಂದೇ ಹಾರಕ್ಕೆ ಕುತ್ತಿಗೆ ಕೊಟ್ಟಿದ್ದಿರಿ. ಆದರೆ ಅವನನ್ನು ಬೈಯಲು ನನಗೆ ನಾಲಿಗೆ ಏಳುವುದಿಲ್ಲ. ಅವನು ಹೇಳಿದ್ದು ನಿಜವೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂದು ನಾನು ಹಾಡಬಹುದು, ಜ್ವರ ಬಂದ ಎತ್ತು ಇಲ್ಲಿ ಮಂಚದ ಮೇಲೆ ಕೂತು ಕಾಗದ ಬರೆಯುತ್ತಿದೆಯಲ್ಲ.

ಇನ್ನು ನಿನ್ನ ಘನಕಾರ್ಯ. ಹೊರಗೆ ತೆಗೆದ ತುಂಡುಗಳ ಅಳತೆ ಬಂದ ದಿನ ನೀನು ಹಳೆಯ ಅಳತೆಯ ಚಿತ್ರ, ಹೊಸ ಅಳತೆಯ ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿ, "ಇದು ನಮ್ಮಪ್ಪನ ಕೆಲಸ" ಎಂದೆಯಂತೆ. ಆ ಹುಡುಗಿಗೆ ಕೇಳಿಸಿತು, ಯಾರಿಗೂ ಹೇಳಬಾರದೆಂದು ನೀನು ಅವಳಿಂದ ಆಣೆ ಹಾಕಿಸಿಕೊಂಡೆ. ಸಮಿತಿಯವರು ತುಂಡುಗಳನ್ನು ಯಾರಾದರೂ ಆರಿಸಿದ್ದರೇ ಎಂದು ಕೇಳಿದಾಗ, ಇಲ್ಲ, ಮಿತಿ ಮೀರಿದ ಅಂಕಿಗಳನ್ನು ನಾನೇ ಅಳಿಸಿದೆ ಎಂದು ನೀನು ಹೇಳಿದೆ. ಯಾಕೆ? ನಾನು ಸುಳ್ಳು ಕಾಗದಕ್ಕೆ ಸಹಿ ಹಾಕಿದ್ದೇನೆ, ರೋಗಿಗಳ ವಕೀಲ ಹೊಣೆಗಾರನನ್ನು ಹುಡುಕುತ್ತಿದ್ದಾನೆ, ಈ ವಯಸ್ಸಿನಲ್ಲಿ ಅಪ್ಪ ಕೋರ್ಟು ಮೆಟ್ಟಿಲು ಹತ್ತಬಾರದು. ಕಾಪಾಡು ಎಂದು ನಾನು ನಿನಗೆ ಅರ್ಜಿ ಹಾಕಿದ್ದೆನೇ? ಒಂದು ಮಾತು ಕೇಳಿದೆಯಾ? ಬೈದೆಯಾ? ನೀನು ಬಂದು ಬಾಗಿಲಲ್ಲಿ ನಿಂತು ನನ್ನ ಮುಖಕ್ಕೆ ಉಗಿದಿದ್ದರೆ ನಾನು ಒರೆಸಿಕೊಂಡು ಮಾರನೆಯ ದಿನವೇ ಹೋಗಿ ನಿಜ ಹೇಳುತ್ತಿದ್ದೆ. ಅದರ ಬದಲು ಐದು ತಿಂಗಳು ಮೌನ. ನಾನು ತುಂಡುಗಳಿಗೆ ಮಾಡಿದ್ದನ್ನೇ ನೀನು ನನಗೆ ಮಾಡಿದೆ, ಮಗಳೇ. ಕೆಟ್ಟು ಬಂದದ್ದನ್ನು ಯಾರಿಗೂ ಕಾಣದ ಹಾಗೆ ಪಕ್ಕಕ್ಕೆ ಹಾಕಿ, ಎಲ್ಲ ಸರಿಯಿದೆ ಎಂದು ಅಚ್ಚು ಹೊಡೆದೆ. ನನ್ನ ಮಗಳೇ ಹೌದು ನೀನು, ಅದಕ್ಕೆ ಪುರಾವೆ ಬೇಕಿಲ್ಲ.

ನಿನ್ನ ಅಮ್ಮನಿಗೆ ನಿನ್ನೆ ಎಲ್ಲ ಹೇಳಿದೆ, ಆಸ್ಪತ್ರೆಯದೊಂದು ಬಿಟ್ಟು. ಅವಳು ಯಂತ್ರದ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು. ನೀನು ಹೇಗಿದ್ದೀಯ ಎಂದು ಕೇಳಲಿಲ್ಲ, ಅಳಲಿಲ್ಲ. "ಕೆಲ್ಸವಿಲ್ಲದ ಬಡಗಿ ಮಗೂ ಕುಂಡೆ ಕೆತ್ತಿದ್ನಂತೆ. ನಿಮ್ಗೆ ಕೈತುಂಬ ಕೆಲ್ಸ ಇತ್ತಲ್ರೀ" ಎಂದಳು. ಅಷ್ಟೇ. ಮತ್ತೆ ಟಕಟಕ. ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳು ನನಗೆ ಹೇಳಿದ ಮಾತುಗಳಲ್ಲಿ ಇಷ್ಟು ಆಳಕ್ಕೆ ಹೋದದ್ದು ಬೇರೊಂದಿಲ್ಲ. ಊಟ ಮಾತ್ರ ಎಂದಿನ ಹಾಗೆ ಬಡಿಸಿದಳು.

ನಾಳೆ ಬೆಳಗ್ಗೆ ಹತ್ತು ಗಂಟೆಗೆ ಸಮಿತಿಯವರನ್ನು ಕಾಣಲು ಹೋಗುತ್ತಿದ್ದೇನೆ. ಆ ಹುಡುಗಿಯೇ ಹೆಸರು ಬರೆಸಿ ಸಮಯ ಕೇಳಿ ತಂದಿದ್ದಾಳೆ. ನೀನು ಅವಳ ಮೇಲೆ ಸಿಟ್ಟಾಗಬೇಡ, ಆಣೆ ಮುರಿದ ಪಾಪ ನನಗಿರಲಿ. ಹಳೆಯ ಕರಿ ಪ್ಯಾಂಟು ಇಸ್ತ್ರಿ ಮಾಡಿಟ್ಟಿದ್ದೇನೆ. ಏನು ಹೇಳಬೇಕೆಂದು ಎರಡು ಸಲ ಗಟ್ಟಿಯಾಗಿ ಹೇಳಿ ನೋಡಿದೆ, ಎರಡು ಸಲವೂ ಮಧ್ಯದಲ್ಲಿ ನನ್ನ ಕೈಯನ್ನು ನಾನೇ ಹೊಗಳಿಕೊಂಡೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ನನಗೆ ನಾನೇ ಹೆಗ್ಗಣ, ನಾನೇ ಮುದ್ದು. ಅವರು ನಂಬುತ್ತಾರೋ ಇಲ್ಲವೋ ಗೊತ್ತಿಲ್ಲ. ತೋರಿಸಲು ನನ್ನ ಹತ್ತಿರ ಏನೂ ಇಲ್ಲ, ಮೂವತ್ತೇಳೂ ಕರಗಿ ಈಗ ಯಾವ ಬಾಗಿಲ ಚಿಲಕವಾಗಿವೆಯೋ.

ಕ್ಷಮಿಸು ಎಂದು ನಿನ್ನನ್ನು ಕೇಳುವುದಿಲ್ಲ. ಆ ಕಂಡಕ್ಟರಮ್ಮನನ್ನು ಕೇಳದೆ ನಿನ್ನನ್ನು ಕೇಳುವುದು ಸರಿಯಲ್ಲ, ಅವಳನ್ನು ಕೇಳುವ ಮುಖ ನನಗಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ಚಿಕ್ಕಮ್ಮನಿಗೆ ನನ್ನ ನೆನಪು ಹೇಳು, ಅವಳ ಗೊರಕೆಯ ಮಾತು ಓದಿ ಹೇಳಬೇಡ. ನಿನ್ನ ಕೈಗೆ, ಕಣ್ಣಿಗೆ, ತಲೆಗೆ ಒಳ್ಳೆಯದಾಗಲಿ. ನನ್ನ ಆಶೀರ್ವಾದಕ್ಕೆ ಇನ್ನೂ ಬೆಲೆಯಿದ್ದರೆ ಅದೂ ಇರಲಿ.

ಇತಿ ನಿನ್ನ
ಅಪ್ಪ

ತಾ.ಕ.: ಗುರುವಾರ ಸಂಜೆ. ಅಂಚೆಯ ಕೌಂಟರಿನಲ್ಲಿ ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಓದಿಕೋ. ಹೋಗಿ ಬಂದೆ. ಮೂವರಿದ್ದರು. ಎಲ್ಲ ಹೇಳಿದೆ. ಅಧ್ಯಕ್ಷರು ಕನ್ನಡಕ ತೆಗೆದು, "ಮಗಳನ್ನ ಉಳಿಸ್ಕೊಳ್ಳೋಕೆ ಯಾವ ಅಪ್ಪ ಆದ್ರೂ ಹೀಗೇ ಹೇಳ್ತಾನೆ, ಯಜಮಾನ್ರೇ" ಎಂದರು. ಆಮೇಲೆ ಅವರೊಳಗೆ ಏನೋ ಗುಸುಗುಸು ಮಾಡಿಕೊಂಡು ನನ್ನನ್ನು ಕೆಳಗಿನ ವರ್ಕ್‌ಶಾಪಿಗೆ ಕರೆದುಕೊಂಡು ಹೋದರು. ಹಳೆಯ ಲೇತ್. ತಟ್ಟೆಯಲ್ಲಿ ಒರಟು ಕೊರೆದ ಇಪ್ಪತ್ತು ಕತ್ತುಗಳು. ಹತ್ತನ್ನು ಮುಗಿಸಿ, ಬಂದ ಹಾಗೇ ಇಡಿ ಎಂದರು. ಈ ಸಲವಾದರೂ ಹೇಳಿದಂತೆ ಮಾಡಬೇಕೆಂದು ಹಲ್ಲು ಕಚ್ಚಿ ನಿಂತೆ. ಎರಡು ಗಂಟೆ ಹಿಡಿಯಿತು. ಹತ್ತನ್ನೂ ಅವರೇ ಅಳೆದರು. ಹತ್ತೂ ಅಚ್ಚುಕಟ್ಟು. ಮುಗಿಯಿತು ನನ್ನ ಕಥೆ, ಕೈ ಚೆನ್ನಾಗಿದ್ದರೆ ಅಂಕಿಯೂ ಚೆನ್ನಾಗಿರುತ್ತದೆ ಎನ್ನುತ್ತಾರೆ, ನಾನು ಹೇಳಿದ್ದೆಲ್ಲ ಸುಳ್ಳಾಯಿತು ಎಂದು ತಲೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತೆ. ಆಗ ಮೂವರಲ್ಲಿ ಒಬ್ಬರಾಗಿದ್ದ ಹೆಂಗಸು ತಟ್ಟೆಯನ್ನು ಎಣಿಸಿ, "ತಟ್ಟೇಲಿ ಇಪ್ಪತ್ತಿತ್ತು. ಹತ್ತು ಮುಗಿಸಿದ್ರಿ. ಉಳಿದಿರೋದು ಒಂಬತ್ತು" ಎಂದರು. ನಾನು ಎಣಿಕೆ ತಪ್ಪಿರಬೇಕು ಎಂದೆ. ಜೋರಾಗಿಯೇ ಎಂದೆ, ವಾದಕ್ಕೇ ಇಳಿದೆ. "ಪ್ಯಾಂಟ್ ಜೇಬು ನೋಡ್ಕೊಳ್ಳಿ" ಎಂದರು. ಇತ್ತು, ಮಗಳೇ. ಏಳು ಮೈಕ್ರಾನ್ ಕಡಿಮೆ. ಯಾವಾಗ ಹಾಕಿಕೊಂಡೆನೋ ನನ್ನಾಣೆ ನನಗೆ ಗೊತ್ತಿಲ್ಲ. ಮೂವರೂ ನೋಡುತ್ತಲೇ ಇದ್ದರಂತೆ. ಅಧ್ಯಕ್ಷರು ಅದನ್ನು ಕಾಗದದಲ್ಲಿ ಸುತ್ತಿ, ಮೇಲೆ ತಾರೀಖು ಬರೆದು, ಕೆಳಗೆ ನನ್ನ ಕೈಯಲ್ಲಿ ಸಹಿ ಹಾಕಿಸಿಕೊಂಡರು. ವಕೀಲನಿಗೂ ಅದರ ಪ್ರತಿ ಹೋಗುತ್ತದಂತೆ, ಹೋಗಲಿ. ಸೋಮವಾರ ನೀನು ಸಹಿ ಹಾಕಬೇಡ.